ನೀರು ಇಳಿದರೂ ಆರದ ಗೋಡೆ

ವರ್ಷಕ್ಕೆ ಸುಮಾರು 500 ಮಿಲಿಮೀಟರ್ ಮಳೆ ಕಾಣುವ ಬಳ್ಳಾರಿ ಸೀಮೆಯಲ್ಲಿ ಮನೆ ಕಟ್ಟುವವರು ಅಂಜುತ್ತಿದ್ದುದು ಬಿಸಿಲಿಗೆ. ದಪ್ಪ ಗೋಡೆ, ಜಂತಿಯ ಮೇಲೆ ಮಣ್ಣಿನ ಮಾಳಿಗೆ, ನಡುವೆ ಬೆಳಕಿಂಡಿ. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಚೌಳುಮಣ್ಣು ಹರವುತ್ತಿದ್ದರು. ನೀರು ಬಿದ್ದೊಡನೆ ಅದು ಬಿಗಿದುಕೊಂಡು ಸೋರದಂತೆ ತಡೆಯುತ್ತಿತ್ತು. ಗೋಡೆ ತೊಯ್ದರೂ ಸುಣ್ಣ ಬಳಿದ ಮೈಯಿಂದ ತೇವ ಆರಿಹೋಗುತ್ತಿತ್ತು.

1953ರಲ್ಲಿ ತುಂಗಭದ್ರಾ ಜಲಾಶಯದಲ್ಲಿ ನೀರು ನಿಂತಿತು. ಬರಬರುತ್ತ ಕುರುಗೋಡು, ಸಿರುಗುಪ್ಪ ಕಡೆಯ ಎರೆಹೊಲಗಳಿಗೆ ಕಾಲುವೆ ನೀರು, ಅದರ ಹಿಂದೆ ಭತ್ತ, ಭತ್ತದ ದುಡ್ಡಿನಿಂದ ಸಿಮೆಂಟ್. ಅನ್ನ ಕೊಟ್ಟ ನೀರನ್ನು ನಾನು ಹಳಿಯಲಾರೆ. ಆದರೆ ಎರೆಮಣ್ಣು ಹೀರಿದ ನೀರನ್ನು ಬೇಗ ಬಿಟ್ಟುಕೊಡುವುದಿಲ್ಲ. ಗದ್ದೆ ಪಕ್ಕದ ಮನೆಗಳ ಅಡಿಪಾಯದಿಂದ ತೇವ ಮೇಲೇರುತ್ತದೆ. ಹಳೆಯ ಕಲ್ಲು-ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವು ಮಾಡಿ ಆಯಿಲ್ ಪೇಂಟ್ ಬಳಿದರೆ ಆ ತೇವಕ್ಕೆ ಹೊರಬೀಳಲು ದಾರಿ ಇಲ್ಲ. ಬಳ್ಳಾರಿ ನಗರದ ಒತ್ತೊತ್ತಾದ ಓಣಿಗಳಲ್ಲಿ ಗೋಡೆಗೆ ತೇವ ಹತ್ತಿಸುವ ಕೆಲಸವನ್ನು ಸೋರುವ ಪೈಪು, ಬಿರುಕುಬಿಟ್ಟ ತಾರಸಿ ಮಾಡುತ್ತವೆ.

2009ರಲ್ಲಿ ಮುಂಗಾರು ಕೈಕೊಟ್ಟ ಬೆನ್ನಿಗೇ, ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ದಿನಗಳವರೆಗೆ ಸುರಿದ ಮಳೆಗೆ ತುಂಗಭದ್ರೆ, ಹಗರಿ ಉಕ್ಕಿ ಸಿರುಗುಪ್ಪ ತಾಲ್ಲೂಕಿನ ಊರುಗಳಿಗೆ ನುಗ್ಗಿದವು. ಬಿದ್ದ ಮನೆಗಳ ಪಟ್ಟಿಯಾಯಿತು, 'ಆಸರೆ' ಯೋಜನೆಯಲ್ಲಿ ಹೊಸ ಮನೆಗಳೂ ಎದ್ದವು. ಬೀಳದೆ ನಿಂತು, ತಿಂಗಳುಗಟ್ಟಲೆ ಆರದ ಗೋಡೆಗೆ ಆ ಲೆಕ್ಕದಲ್ಲಿ ಜಾಗವಿರಲಿಲ್ಲ.

ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಮನೆಯೊಳಗಿನ ತೇವ, ಬೂಷ್ಟಿನ ಬಗ್ಗೆ ಮಾರ್ಗಸೂಚಿ ಹೊರತಂದಿತು. ಇಂಥ ಮನೆಗಳಲ್ಲಿ ಇರುವವರಿಗೆ ಕೆಮ್ಮು, ಅಲರ್ಜಿ, ಉಬ್ಬಸ, ಉಸಿರಾಟದ ಸೋಂಕು ಹೆಚ್ಚು ಎಂದಿತು. ತೊಯ್ದದ್ದು ಒಂದೆರಡು ದಿನದಲ್ಲಿ ಒಣಗದಿದ್ದರೆ ಬೂಷ್ಟು ಹುಟ್ಟುತ್ತದೆ, ಅದರ ಬೀಜಕಗಳು ಉಸಿರಿನೊಡನೆ ಒಳಹೋಗುತ್ತವೆ. ಕೋವಿಡ್ ವೇಳೆ, 2021ರಲ್ಲಿ, ಕಾಡಿದ ಕಪ್ಪು ಶಿಲೀಂಧ್ರ ಬೇರೆಯದು. ಅದು ಹಿಡಿದದ್ದು ಹೆಚ್ಚಾಗಿ ಸಕ್ಕರೆ ಕಾಯಿಲೆ ಹತೋಟಿ ತಪ್ಪಿದವರನ್ನು, ಸ್ಟಿರಾಯ್ಡ್ ಪಡೆದವರನ್ನು. ಗೋಡೆಯ ಕಪ್ಪು ಕಲೆ ಕಂಡು ಆ ರೋಗವೆಂದು ಹೆದರಬೇಕಿಲ್ಲ. ಆ ಕೋಣೆಯಲ್ಲಿ ಮಲಗುವ ಮಗು ರಾತ್ರಿಯಿಡೀ ಕೆಮ್ಮುತ್ತಿದ್ದರೆ ಮಾತ್ರ ಡಾಕ್ಟರಿಗೆ ಗೋಡೆಯ ವಿಷಯವನ್ನೂ ಹೇಳಿ.

ಬೀರು ಸರಿಸಿ ಹಿಂದಿನ ಗೋಡೆ ನೋಡಿ. ನೀರು ಹನಿಸಿದರೆ ಕರಗುವ ಬಿಳಿ ಹುಡಿ ಗೋಡೆಯ ಉಪ್ಪು. ಕರಗದೆ ಅಂಟಿಕೊಂಡ ಕಪ್ಪು, ಹಸಿರು ನವಿರು ಬೂಷ್ಟು. ಅದನ್ನು ಪೊರಕೆಯಿಂದ ಗುಡಿಸಿದರೆ ಬೀಜಕಗಳು ಮನೆತುಂಬ ಹಾರುತ್ತವೆ. ಮಾಸ್ಕ್ ಹಾಕಿಕೊಂಡು ಸೋಪುನೀರಿನ ಬಟ್ಟೆಯಿಂದ ಒರೆಸಿ, ಒಣಗಿಸಬೇಕು. ಬ್ಲೀಚಿಂಗ್ ಪೌಡರಿಗೆ ಆಸಿಡ್ ಬೆರೆಸಲೇಬಾರದು, ವಿಷಾನಿಲ ಏಳುತ್ತದೆ. ತೇವ ಬರುವ ದಾರಿ ಮುಚ್ಚದೆ ಪೇಂಟ್ ಹೊಡೆದರೆ ಬೂಷ್ಟು ಮತ್ತೆ ಬರುತ್ತದೆ.

ನೆರೆಯಲ್ಲಿ ನೆಂದ ಹತ್ತಿಯ ಗಾದಿಯನ್ನು ಎಸೆಯಿರಿ ಎನ್ನುವುದು ಸುಲಭ. ಕೂಲಿಯವರ ಮನೆಯಲ್ಲಿ ಇರುವುದೇ ಅದೊಂದು. ಪರಿಹಾರದ ಪಟ್ಟಿಗೆ ಗಾದಿಯೂ, ಗೋಡೆ ಆರುವವರೆಗಿನ ಬಾಡಿಗೆಯೂ ಸೇರಬೇಕು. ಸರ್ವೆಗೆ ಬರುವವರು ಬಿದ್ದ ಗೋಡೆಯ ಫೋಟೊ ತೆಗೆದು ಹೋಗದೆ, ನಿಂತ ಗೋಡೆಯನ್ನೂ ಕೈಯಿಟ್ಟು ನೋಡಬೇಕು.