ಬೆಳಕಿನ ಸ್ಟೇಷನ್ ಹಿಡಿಯುವುದು

ಯಾದವಗಿರಿಯ ಮೈಸೂರು ಆಕಾಶವಾಣಿ ಕೇಳಬೇಕೆಂದರೆ ರೇಡಿಯೋದ ಮುಳ್ಳು 100.6ಕ್ಕೇ ಬಂದು ನಿಲ್ಲಬೇಕು. ಕೊಂಚ ಆಚೀಚೆಯಾದರೆ ಬರೀ ಗೊರಗೊರ. ಮುಖದ ಮೇಲೆ ಬಿಡುವ ಲೇಸರ್‌ನದೂ ಹೆಚ್ಚುಕಡಿಮೆ ಇದೇ ಕಥೆ. ಎರಡೂ ಅಲೆಗಳೇ, ಅಳತೆ ಮಾತ್ರ ಬೇರೆ. ಆಕಾಶವಾಣಿಯ ಅಲೆ ಸುಮಾರು 3 ಮೀಟರ್ ಉದ್ದ. ಹಚ್ಚೆ ಅಳಿಸುವ ಲೇಸರ್‌ನದು 1064 ನ್ಯಾನೊಮೀಟರ್, ಅಂದರೆ ಮಿಲಿಮೀಟರ್‌ನ ಸುಮಾರು ಸಾವಿರದಲ್ಲೊಂದು ಪಾಲು.

ಲೇಸರ್ ಹುಟ್ಟಿದ್ದು 1960ರಲ್ಲಿ. ಬೆಳಕಿನ ಬಣ್ಣವನ್ನೂ ಹೊಡೆತದ ಅವಧಿಯನ್ನೂ ಸರಿಯಾಗಿ ಆರಿಸಿದರೆ ಗುರಿಯಷ್ಟೇ ಸುಟ್ಟು ಸುತ್ತಲಿನ ಚರ್ಮ ಉಳಿಯುತ್ತದೆ ಎಂಬ ಸೂತ್ರವನ್ನು ಅಮೆರಿಕದ ಆಂಡರ್ಸನ್ ಮತ್ತು ಪ್ಯಾರಿಶ್ ಮುಂದಿಟ್ಟದ್ದು 1983ರಲ್ಲಿ.

ಹಿಂದೆ ಹೆಣ್ಣುಮಕ್ಕಳ ಹಣೆಗೆ ಹುಯ್ಯುತ್ತಿದ್ದ ಹಚ್ಚೆಯನ್ನೇ ನೋಡಿ. ಸೆಕೆಂಡಿನ ನೂರು ಕೋಟಿಯಲ್ಲಿ ಕೆಲವೇ ಪಾಲಿನಷ್ಟು ಹೊತ್ತು ಬಿದ್ದ ಬೆಳಕು ಚರ್ಮದೊಳಗಿನ ಮಸಿಯ ಕಣವನ್ನು ಪುಡಿಮಾಡುತ್ತದೆ. ರಬ್ಬರ್ ಬ್ಯಾಂಡ್ ಚಟೀರೆಂದು ಬಡಿದಂಥ ನೋವು. ಹೊಡೆದ ಜಾಗ ಕ್ಷಣದಲ್ಲೇ ಬೆಳ್ಳಗಾಗಿ, ಕೆಲ ನಿಮಿಷಕ್ಕೆ ಆ ಬಿಳುಪೂ ಮಾಯ. ಪುಡಿಯನ್ನು ಹೊರಹಾಕುವ ಕೆಲಸ ದೇಹದ್ದು. ಅದಕ್ಕೆ ವಾರಗಟ್ಟಲೆ ಬೇಕು. ಹಾಗಾಗಿ ಒಂದೇ ಸಲಕ್ಕೆ ಹಚ್ಚೆ ಹೋಗುವುದಿಲ್ಲ.

ಮೊಡವೆ ಬಿಟ್ಟುಹೋದ ಗುಳಿಗಳಿಗೆ ಬೇರೆಯದೇ ಸ್ಟೇಷನ್. 10,600 ನ್ಯಾನೊಮೀಟರ್‌ನ ಕಾರ್ಬನ್ ಡೈಆಕ್ಸೈಡ್ ಲೇಸರ್ ಚರ್ಮದ ನೀರಿನಂಶವನ್ನು ಹಿಡಿಯುತ್ತದೆ. ಮುಖದ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಾಗಿ, ನಡುವೆ ಉಳಿದ ಚರ್ಮದಿಂದ ಗಾಯ ಮಾಗುತ್ತದೆ. ಕೆಲವು ದಿನ ಮುಖಕ್ಕೆ ರಾಗಿ ತೌಡು ಮೆತ್ತಿದಂತೆ ಕಾಣುವುದನ್ನು ಸಹಿಸಬೇಕು. ಮೊಡವೆ ಇನ್ನೂ ಏಳುತ್ತಿದ್ದರೆ ಮೊದಲು ಔಷಧಿ, ಆಮೇಲೆ ಗುಳಿಯ ಮಾತು. ಗಲ್ಲದ ಕೂದಲಿಗೆ ಡಯೋಡ್ ಲೇಸರ್ ಇದೆ. ಅದು ಹುಡುಕುವುದು ಕೂದಲಿನ ಕಪ್ಪನ್ನು. ಪಿಸಿಒಡಿ ಎಂಬ ಹಾರ್ಮೋನ್ ಏರುಪೇರು ಇದ್ದವರಲ್ಲಿ ಕೂದಲು ಮತ್ತೆ ಇಣುಕಬಹುದು, ನರೆತ ಕೂದಲಿಗಂತೂ ಬೆಳಕು ತಾಗುವುದೇ ಇಲ್ಲ.

ತೊಡಕಿರುವುದು ಮುಖದ ಕಂದು ಕಲೆಯಾದ ಬಂಗಿನಲ್ಲಿ. ನಮ್ಮ ಕಂದು ಚರ್ಮದ ತುಂಬ ಮೆಲನಿನ್ ಎಂಬ ಬಣ್ಣದ ವಸ್ತು. ಬೆಳಕಿನ ಬಿಸಿ ಅದನ್ನು ಕೆಣಕಿದರೆ ಕಲೆ ಇನ್ನಷ್ಟು ಕಪ್ಪಾಗಬಹುದು. ಅದಕ್ಕೇ ಬಂಗಿಗೆ ಸನ್‌ಸ್ಕ್ರೀನ್ ಮತ್ತು ವೈದ್ಯರು ಬರೆದ ಮುಲಾಮೇ ಮೊದಲು, ಲೇಸರ್ ಕೊನೆಗೆ. ಅಷ್ಟಾದರೂ ಬಿಸಿಲಿಗೆ ಬಂಗು ಮರಳುವುದುಂಟು. ಮೆಡಿಕಲ್ ಶಾಪ್‌ನಲ್ಲಿ ಕೇಳಿ ತಂದ ಸ್ಟಿರಾಯ್ಡ್ ಕ್ರೀಮನ್ನು ತಿಂಗಳುಗಟ್ಟಲೆ ಹಚ್ಚಿ ಚರ್ಮ ತೆಳ್ಳಗಾಗಿಸಿಕೊಂಡವರದು ಇನ್ನೂ ಕಷ್ಟದ ಪಾಡು. ಆ ವಿಷಯವನ್ನು ವೈದ್ಯರೆದುರು ಮುಚ್ಚಿಡಲೇಬಾರದು.

ಜಾಗರೂಕ ವೈದ್ಯರು ಮೊದಲು ಕಿವಿಯ ಪಕ್ಕ ಒಂದೆರಡು ಹೊಡೆತ ಬಿಟ್ಟು, ಕೆಲವು ವಾರ ಕಾದು ನೋಡುವುದುಂಟು. ಮದುವೆಗೆ ಹದಿನೈದು ದಿನ ಇರುವಾಗ ಓಡಿ ಬರುವವರಿಗೆ ಇಷ್ಟು ಕಾಯುವುದಕ್ಕೇ ಸಮಯವಿರುವುದಿಲ್ಲ.