ಹೊಸ್ತಿಲ ಹೊರಗೊಂದು ನ್ಯಾಯ, ಒಳಗೊಂದು

ರಾಣೆಬೆನ್ನೂರು ತಾಲ್ಲೂಕಿನ ಕುಪ್ಪೇಲೂರಿನಂಥ ಹಳ್ಳಿಗಳಿಗೆ ಸವದತ್ತಿಯ ಎಲ್ಲಮ್ಮನ ಹೆಸರು ಹೊಸದಲ್ಲ. ಗಂಡಾಗಿ ಹುಟ್ಟಿ, ಸೀರೆಯುಟ್ಟು, ಚೌಡಿಕೆಯ ನಾದದೊಡನೆ ಜೋಗ ಬೇಡಿ ಬರುವ ಜೋಗಪ್ಪನಿಗೆ ಜೋಳ ನೀಡಿ ಕೈಮುಗಿಯುವುದು ಉತ್ತರ ಕರ್ನಾಟಕದ ಹಳೆಯ ವಾಡಿಕೆ. ಮಂಜಮ್ಮ ಜೋಗತಿಯವರು 2021ರಲ್ಲಿ ಪದ್ಮಶ್ರೀ ಸ್ವೀಕರಿಸಿದಾಗ ನಾಡೇ ಹಿಗ್ಗಿತು. ಆದರೆ ಕೈಮುಗಿದ ಅದೇ ಮನೆಯ ಮಗನೊಬ್ಬ, ವೇಷದಲ್ಲಾಗಲಿ ನಡೆಯಲ್ಲಾಗಲಿ ಬೇರೆಯಾಗಿ ತೋರದವನು, ತನ್ನ ಒಲವು ಗಂಡಸಿನ ಕಡೆಗೆಂದು ಹೇಳಿದರೆ ಅವನಿಗೆ ಆ ಮನೆಯಲ್ಲಿ ಸಿಗುವ ಉತ್ತರವೇನು?

ಜೋಗಪ್ಪನ ಬಾಳು ಬೇರೆ, ಸಲಿಂಗಪ್ರೇಮಿಯ ಬಾಳು ಬೇರೆ. ಒಂದು ‘ನಾನು ಯಾರು’ ಎಂಬ ಪ್ರಶ್ನೆ; ಇನ್ನೊಂದು ‘ನನ್ನ ಒಲವು ಯಾರಲ್ಲಿ’ ಎಂಬುದು. ಆದರೂ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ನಮ್ಮ ತಿರಸ್ಕಾರದ ಬೇರು ಕಣ್ಣಿಗೆ ಬೀಳುತ್ತದೆ.

ಸಲಿಂಗಪ್ರೇಮವು ಪಶ್ಚಿಮದಿಂದ ಬಂದ ಕೇಡೆನ್ನುವವರುಂಟು. ವಾತ್ಸ್ಯಾಯನನ ಕಾಮಸೂತ್ರವು ಅದನ್ನು ಬಲ್ಲದು. ಸ್ಮೃತಿಕಾರರು ಮೆಚ್ಚಲಿಲ್ಲ, ಪ್ರಾಯಶ್ಚಿತ್ತ ವಿಧಿಸಿದರು ಎಂಬುದೂ ನಿಜವೇ. ಆದರೆ ಆಜೀವ ಸೆರೆವಾಸದವರೆಗಿನ ಶಿಕ್ಷೆಯನ್ನು ತಂದದ್ದು ಆಂಗ್ಲರು ರಚಿಸಿದ 1860ರ ದಂಡಸಂಹಿತೆಯ 377ನೆಯ ಕಲಮು. ವಿಶ್ವ ಆರೋಗ್ಯ ಸಂಸ್ಥೆಯು 1990ರಲ್ಲಿ ಸಲಿಂಗಪ್ರೇಮವನ್ನು ರೋಗಗಳ ಪಟ್ಟಿಯಿಂದ ತೆಗೆಯಿತು. 2018ರ ಸೆಪ್ಟೆಂಬರ್ 6ರಂದು ನಮ್ಮ ಸರ್ವೋಚ್ಚ ನ್ಯಾಯಾಲಯವು, ವಯಸ್ಕರು ಪರಸ್ಪರ ಸಮ್ಮತಿಯಿಂದ ಕೂಡುವುದು ಅಪರಾಧವಲ್ಲವೆಂದು ತೀರ್ಪಿತ್ತಿತು. ರೋಗವೆಂಬ ಮಾತು ಹೋಯಿತು, ಅಪರಾಧವೆಂಬ ಮಾತೂ ಹೋಯಿತು. ತಿರಸ್ಕಾರ ಮಾತ್ರ ಹೋಗಲಿಲ್ಲ.

ಏಕೆಂದರೆ ಅದರ ತಾಯಿಬೇರು ಶಾಸ್ತ್ರದಲ್ಲೂ ಇಲ್ಲ, ಶಾಸನದಲ್ಲೂ ಇಲ್ಲ, ಮನೆತನದ ಲೆಕ್ಕಾಚಾರದಲ್ಲಿದೆ. ನಮ್ಮಲ್ಲಿ ಮದುವೆಯೆಂದರೆ ಬೀಗತನ, ಹೊಲಮನೆ, ವಂಶ, ಊರವರ ಮಾತು. ದೇವಿಯ ಹೆಸರಿನಲ್ಲಿ ಮನೆ ಬಿಟ್ಟ ಜೋಗಪ್ಪನ ಪಾಡು ಸುಖದ್ದಲ್ಲದಿದ್ದರೂ, ಆತ ಈ ಲೆಕ್ಕದಿಂದ ಹೊರಗಿನವನು. ಆದ್ದರಿಂದಲೇ ಅವನಿಗೆ ಕೈಮುಗಿಯುವುದು ಸುಲಭ. ಮಗನಾದರೋ ಮನೆಯಲ್ಲೇ ಇದ್ದು, ಮಗನಾಗಿಯೇ ಬಾಳಬಯಸುತ್ತಾನೆ. ನಾವು ಸಹಿಸಲಾರದೆ ಹೋಗುವುದು ಇದನ್ನೇ.

ಆಗ ಹಿರಿಯರು ಕಂಡುಕೊಳ್ಳುವ ಮದ್ದು, ‘ಲಗ್ನ ಮಾಡಿದರೆ ಸರಿಹೋಗುತ್ತಾನೆ’ ಎಂಬುದು. ಆ ಮದ್ದಿನ ಬೆಲೆ ತೆರುವವಳು ಏನೂ ಅರಿಯದ ಇನ್ನೊಂದು ಮನೆಯ ಮಗಳು. ಗಂಡನ ಉದಾಸೀನಕ್ಕೆ ತನ್ನಲ್ಲೇ ಕೊರತೆ ಹುಡುಕುತ್ತ ಅವಳು ಸವೆಯುತ್ತಾಳೆ. ಸುಳ್ಳು ಹೇಳುತ್ತ ಅವನೂ ಸವೆಯುತ್ತಾನೆ. ವಸುಧೇಂದ್ರರ ‘ಮೋಹನಸ್ವಾಮಿ’ 2013ರಲ್ಲಿ ಪ್ರಕಟವಾದಾಗ, ಇಂಥ ಒಲವಿನ ಕಥೆಗಳನ್ನು ಕನ್ನಡದಲ್ಲಿ ಮುಚ್ಚುಮರೆಯಿಲ್ಲದೆ ಹೇಳಬಹುದೆಂದು ತಿಳಿಯಿತು. ಪುಸ್ತಕದಲ್ಲಿ ಸಾಧ್ಯವಾದ ಮಾತು ಪಡಸಾಲೆಯಲ್ಲೂ ಸಾಧ್ಯವಾಗಬೇಕು. ಮಗನ ಸತ್ಯವನ್ನು ಕೇಳಿಸಿಕೊಳ್ಳುವ ತಾಯಿತಂದೆಗಳು ಒಂದಲ್ಲ, ಎರಡು ಜೀವಗಳನ್ನು ಉಳಿಸಿದವರಾಗುತ್ತಾರೆ.