ಹಳದಿ ಎಲ್ಲಿಂದ ಶುರುವಾಯಿತು?

ಪ್ರಶ್ನೆ: ಕುಂಡದ ದಾಸವಾಳದ ಎಲೆ ಹಳದಿಯಾಗುತ್ತಿದೆ. ಯಾವ ಔಷಧಿ ಹೊಡೆಯಲಿ?

ಉತ್ತರ: ಔಷಧಿಗೆ ಮೊದಲು, ಹಳದಿ ಯಾವ ಎಲೆಯಲ್ಲಿ ಶುರುವಾಗಿದೆ ನೋಡಿ. ಸಾರಜನಕ, ಮೆಗ್ನೀಸಿಯಂ ಕಡಿಮೆಯಾದರೆ ಗಿಡ ಅವನ್ನು ಹಳೆಯ ಎಲೆಯಿಂದ ಹಿಂಪಡೆದು ಚಿಗುರಿಗೆ ಸಾಗಿಸುತ್ತದೆ. ಹಾಗಾಗಿ ಕೆಳಗಿನ ಎಲೆಗಳೇ ಮೊದಲು ಬಿಳಿಚಿಕೊಳ್ಳುತ್ತವೆ. ಕಬ್ಬಿಣವನ್ನು ಹಾಗೆ ಸಾಗಿಸಲಾಗದು. ಅದರ ಕೊರತೆ ಚಿಗುರಿನಲ್ಲೇ ಕಾಣುತ್ತದೆ: ಎಲೆಯೆಲ್ಲ ನಿಂಬೆ ಬಣ್ಣ, ನರಗಳು ಮಾತ್ರ ಬಲೆ ಹೆಣೆದಂತೆ ಹಸಿರು. ಕಬ್ಬಿಣದ ಗೊಬ್ಬರ ಹಾಕಿದರಾಯಿತಲ್ಲ ಎನ್ನಬಹುದು. ಸಾಲದು. ಗಡಸು ಬೋರ್‌ವೆಲ್ ನೀರು ಹಾಕಿ ಹಾಕಿ ಮಣ್ಣು ಕ್ಷಾರವಾಗಿದ್ದರೆ ಇರುವ ಕಬ್ಬಿಣವೂ ಬೇರಿಗೆ ದಕ್ಕದು; ನೀರು ನಿಂತು ಬೇರು ಕೊಳೆತಿದ್ದರೂ ಅಷ್ಟೇ. ಶಿಲೀಂಧ್ರ ರೋಗವೂ ಇರಬಹುದಲ್ಲ? ಇರಬಹುದು, ಆದರೆ ಅದರ ಕಂದು ಚುಕ್ಕೆಗಳು ಅಲ್ಲಲ್ಲಿ ಚದುರಿ, ಹಲವು ಸಲ ಸುತ್ತ ಹಳದಿ ಅಂಚು ಕಟ್ಟಿಕೊಂಡಿರುತ್ತವೆ. ಅಂಥದ್ದು ಕಾಣದಿದ್ದರೆ ಔಷಧಿ ಬೇಡ, ನೀರು ಹರಿದುಹೋಗುವ ಕುಂಡದ ತಳದ ತೂತು ಕಟ್ಟಿದೆಯೇ ಎಂದು ಕಡ್ಡಿ ಹಾಕಿ ನೋಡಿ.